ಅಂಗಡಿಯವ್ರ ಹತ್ರ ನಮ್ಮ ಬಗ್ಗೆ ಏನೇನ್ ಡೇಟಾ ಇದೆ, ಅದನ್ನ ಕೇಳಿ ತಗೊಳ್ಳೋದ್ ಹೇಗೆ

ಹೋದ ವರ್ಷ ನಮ್ಮಮ್ಮನ ಈಮೇಲಿಗೆ ಒಂದು ಎಕ್ಸೆಲ್ ಶೀಟ್ ಬಂತು, 214 ಸಾಲು. ದಾವಣಗೆರೆಲಿ ಅಮ್ಮ ತಿಂಗಳ ಸಾಮಾನು ತರೋ ಒಂದು ಸೂಪರ್ ಮಾರ್ಕೆಟ್ನವ್ರು ಕಳ್ಸಿದ್ದು. ಮೂರು ವರ್ಷದಿಂದ ತಗೊಂಡ ಒಂದೊಂದು ಸಾಮಾನೂ ಅದರಲ್ಲಿತ್ತು, ತಾರೀಖು ಟೈಮ್ ಸಮೇತ. ತೊಗರಿಬೇಳೆ 2 ಕೆಜಿ, ಕೊಬ್ಬರಿ ಎಣ್ಣೆ, ಅಪ್ಪನಿಗೆ ಅಂತ ತಂದ ಸಕ್ಕರೆ ಇಲ್ಲದ ಬಿಸ್ಕತ್ತು, ಗೌರಿ ಹಬ್ಬದ ಹಿಂದಿನ ದಿನ ಸಂಜೆ 7:42ಕ್ಕೆ ಬಾಗಿನದ ಬಳೆ ಬಿಚ್ಚೋಲೆ. ಅಮ್ಮ ಕನ್ನಡಕ ಹಾಕ್ಕೊಂಡು ಒಂದ್ ಪುಟ ಓದಿ "ನಮ್ಮನೇಲಿ ಯಾರು ಏನ್ ತಿಂತಾರೆ ಅಂತ ನನಗಿಂತ ಇವ್ರಿಗೇ ಚೆನ್ನಾಗಿ ಗೊತ್ತಲ್ಲೋ" ಅಂದ್ಲು. ಇನ್ನೊಂದು ಏನಂದ್ರೆ ಆ ಶೀಟಲ್ಲಿ ಮೂರು ಸಾಲು ಹುಬ್ಬಳ್ಳಿ ಬ್ರಾಂಚಿಂದು, ಅಮ್ಮ ಆ ಅಂಗಡಿ ಬಾಗಿಲು ನೋಡಿದೋಳೂ ಅಲ್ಲ. ಅದರ ಕತೆ ಆಮೇಲೆ ಹೇಳ್ತೀನಿ.

ಈ ಶೀಟ್ ತರಿಸ್ಕೊಳ್ಳೋಕೆ ವಕೀಲರು ಬೇಕಾಗ್ಲಿಲ್ಲ, ಒಂದು ರೂಪಾಯಿ ಖರ್ಚೂ ಆಗ್ಲಿಲ್ಲ. ಒಂದು ಮೇಲ್, ಎರಡು ರಿಮೈಂಡರ್, ಅಷ್ಟೇ. ಆದ್ರೆ ಮೊದಲನೇ ಸಲ "ನನ್ನ ಡೇಟಾ ಕೊಡಿ" ಅಂತ ಸುಮ್ನೆ ಕಸ್ಟಮರ್ ಕೇರಿಗೆ ಬರ್ದಾಗ "ನಿಮ್ಮ ಪಾಯಿಂಟ್ಸ್ ಇಷ್ಟಿದೆ" ಅಂತ ಉತ್ತರ ಬಂದಿತ್ತು, ಸರಿಯಾದ ಜನಕ್ಕೆ ಸರಿಯಾದ ಮಾತಲ್ಲಿ ಬರೆದ ಮೇಲೇ ಶೀಟ್ ಬಂದಿದ್ದು. ಅದಕ್ಕೇ ಇದನ್ನ ಬರೀತಿದೀನಿ.

ಮೊದ್ಲು ಡೇಟಾ ಎಲ್ಲಿಂದ ಸೇರುತ್ತೆ ಅಂತ ತಿಳ್ಕೊಳ್ಳಿ

ಕೌಂಟರಲ್ಲಿ ನಂಬರ್ ಹೇಳ್ತೀವಲ್ಲ, ಬಹಳಷ್ಟು ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಆ ಮೊಬೈಲ್ ನಂಬರೇ ನಮ್ಮ ಗುರುತು. ಹೆಸರು ತಪ್ಪಿದ್ರೂ ನಡೆಯುತ್ತೆ, ಇಲ್ದಿದ್ರೂ ನಡೆಯುತ್ತೆ. ನಂಬರ್ ಅನ್ನೋದು ಹೂ ಕಟ್ಟೋ ದಾರ ಇದ್ದಂಗೆ, ಬಿಡಿ ಬಿಡಿಯಾಗಿದ್ದ ಬಿಲ್ಲುಗಳನ್ನೆಲ್ಲ ಸೇರ್ಸಿ ಒಂದೇ ಮಾಲೆ ಮಾಡಿಬಿಡುತ್ತೆ, ದಾವಣಗೆರೆ ಬ್ರಾಂಚಿನ ಬಿಲ್ಲು, ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಅಲ್ಲಿನ ಬ್ರಾಂಚಲ್ಲಿ ಮಾಡ್ಸಿದ ಬಿಲ್ಲು, ಅವರದ್ದೇ ಆಪಲ್ಲಿ ಆರ್ಡರ್ ಮಾಡಿದ್ದು, ವಾಪಸ್ ಕೊಟ್ಟಿದ್ದು, ಎಲ್ಲ ಅದೇ ದಾರಕ್ಕೆ. ಇದರ ಜೊತೆ ಆಫರ್ ಫಾರ್ಮಲ್ಲಿ ತುಂಬ್ಸಿದ ಹುಟ್ಟಿದ ದಿನ, ಮದುವೆ ದಿನ, ಪಿನ್ ಕೋಡ್. ಆಪ್ ಇದ್ರೆ ಏನೇನ್ ಹುಡುಕಿದ್ವಿ, ಯಾವ ಫೋನು, ಲೊಕೇಶನ್ ಪರ್ಮಿಷನ್ ಕೊಟ್ಟಿದ್ರೆ ಎಲ್ಲಿದ್ವಿ. ಕಸ್ಟಮರ್ ಕೇರ್ ಕಾಲ್ ರೆಕಾರ್ಡಿಂಗ್ ಕೂಡ ನಮ್ಮ ಡೇಟಾನೇ, ಅದನ್ನ ಕೇಳಬಹುದು ಅಂತ ತುಂಬ ಜನಕ್ಕೆ ಹೊಳೆಯೋದೇ ಇಲ್ಲ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ನಂಬರ್ ಕೊಡ್ಲೇಬೇಕು ಅಂತೇನಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಮೊಬೈಲ್ ನಂಬರ್ ಕೊಡಲಿಲ್ಲ ಅಂತ ಸಾಮಾನು ಕೊಡದೇ ಇರೋದು, ಬಿಲ್ ಮಾಡದೇ ಇರೋದು ಸರಿಯಲ್ಲ ಅಂತ ವ್ಯಾಪಾರಿ ಸಂಘಗಳಿಗೆ ಸೂಚನೆ ಕೊಟ್ಟಿದೆ. "ನಂಬರ್ ಇಲ್ಲದೆ ಬಿಲ್ ಮಾಡಿ" ಅಂತ ನಿಧಾನಕ್ಕೆ ಹೇಳಿ, ಪಾಪ ಕೌಂಟರಲ್ಲಿರೋ ಹುಡುಗ ಹುಡುಗಿರ ಮೇಲೆ ರೇಗಬೇಡಿ, ನಂಬರ್ ಕೇಳು ಅಂತ ಅವರಿಗೆ ಮೇಲಿಂದ ಹೇಳಿರ್ತಾರೆ.

ಕಾನೂನು ಎಲ್ಲಿವರೆಗೆ ಬಂದಿದೆ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ಜನ ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ಕ್ಕೆ ಒಮ್ಮತದಿಂದ ಹೇಳ್ತು. ಆ ಕೇಸ್ ಹಾಕಿದ್ದು ನಮ್ಮವ್ರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವ್ರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ ಆಧಾರ್ ವಿಚಾರವಾಗಿ ಅರ್ಜಿ ಹಾಕಿದ್ರು. ಇವತ್ತು ನಾವು ಅಂಗಡಿಯವ್ರನ್ನ ಧೈರ್ಯವಾಗಿ ಕೇಳೋಕೆ ಆಗ್ತಿರೋದರ ಬೇರು ಅಲ್ಲಿದೆ, ಅದನ್ನ ನೆನೆಸ್ಕೊಂಡಾಗೆಲ್ಲ ನಂಗೆ ನಿಜವಾಗ್ಲೂ ಹೆಮ್ಮೆ ಆಗುತ್ತೆ.

ಆಮೇಲೆ ಬಂದಿದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಅದರ 11ನೇ ಸೆಕ್ಷನ್ನೇ ನಮಗೆ ಬೇಕಾದ್ದು. ಏನ್ ಡೇಟಾ ಇದೆ ಅನ್ನೋದರ ಸಾರಾಂಶ, ಅದನ್ನ ಇಟ್ಕೊಂಡು ಏನ್ ಮಾಡ್ತಿದಾರೆ, ಬೇರೆ ಯಾರ್ಯಾರಿಗೆ ಯಾವ್ಯಾವ ಡೇಟಾ ಕೊಟ್ಟಿದಾರೆ, ಈ ಮೂರನ್ನೂ ಕೇಳೋ ಹಕ್ಕು. 12ನೇ ಸೆಕ್ಷನ್ ತಿದ್ದೋಕೆ, ಅಳಿಸೋಕೆ. ಆದ್ರೆ ಇದರ ನಿಯಮಗಳು ಪ್ರಕಟ ಆಗಿದ್ದು 2025ರ ನವೆಂಬರಲ್ಲಿ, ಅಂಗಡಿ ಕಂಪನಿಗಳಿಗೆ ತಯಾರಾಗೋಕೆ 18 ತಿಂಗಳು ಟೈಮ್ ಕೊಟ್ಟಿದಾರೆ, ಅಂದ್ರೆ ಈ ಸೆಕ್ಷನ್ಗಳು ಪೂರ್ತಿ ಜಾರಿಗೆ ಬರೋದು 2027ರ ಮೇಗೆ.

ಹಾಗಾದ್ರೆ ಅಲ್ಲಿವರೆಗೂ ಕಾಯ್ಬೇಕಾ ಅಂದ್ರೆ, ಬೇಡ. 2011ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳು ಅಲ್ಲಿವರೆಗೂ ಇರುತ್ವೆ. ಅದರ 5ನೇ ನಿಯಮದ ಪ್ರಕಾರ ನಾವು ಕೊಟ್ಟ ಮಾಹಿತಿನ ನೋಡೋಕೆ, ತಪ್ಪಿದ್ರೆ ತಿದ್ದಿಸೋಕೆ ಕಂಪನಿ ಅವಕಾಶ ಕೊಡಬೇಕು, ದೂರು ನೋಡ್ಕೊಳ್ಳೋಕೆ ಅಂತ ಒಬ್ಬ ಗ್ರೀವೆನ್ಸ್ ಆಫೀಸರ್ ಇರ್ಬೇಕು, ಅವ್ರು ಒಂದು ತಿಂಗಳೊಳಗೆ ದೂರು ಬಗೆಹರಿಸ್ಬೇಕು. ಇದು ಹೊಸ ಕಾಯ್ದೆಯಷ್ಟು ಅಗಲ ಇಲ್ಲ ಅನ್ನೋದು ನಿಜ, "ನಾವು ಕೊಟ್ಟ" ಮಾಹಿತಿ ಅಂತ ಇರೋದ್ರಿಂದ ಯಾರಿಗೆ ಹಂಚಿದೀರಿ ಅನ್ನೋ ಪ್ರಶ್ನೆಗೆ ಉತ್ತರ ಕೊಡ್ದೇ ಇರಬಹುದು. ಆದ್ರೂ ಕೇಳಿ. ಹೊಸ ಕಾಯ್ದೆಗೆ ತಯಾರಿ ಶುರು ಮಾಡಿರೋ ದೊಡ್ಡ ಕಂಪನಿಗಳು ಈಗ್ಲೇ ಕೊಡಬಹುದು, ಅಮ್ಮನಿಗೆ ಬಂದಿದ್ದೂ ಹಂಗೇನೆ.

ನಮ್ಮ ಬೀದಿ ಶೆಟ್ಟರಂಗಡಿ ಉದ್ರಿ ಪುಸ್ತಕ ಇದಕ್ಕೆ ಬರಲ್ಲ. ಹೊಸ ಕಾಯ್ದೆ ಡಿಜಿಟಲ್ ಡೇಟಾಕ್ಕೆ ಮಾತ್ರ, ಕಾಗದದಲ್ಲಿ ಬರ್ಕೊಂಡು ಆಮೇಲೆ ಕಂಪ್ಯೂಟರಿಗೆ ಹಾಕಿದ್ರೆ ಅದೂ ಸೇರುತ್ತೆ.

ಕೇಳೋಕೆ ಮುಂಚೆ ಒಂದರ್ಧ ಗಂಟೆ ತಯಾರಿ

ಫೋನಲ್ಲಿ ಹಳೇ ಎಸ್ಸೆಮ್ಮೆಸ್ಸೆಲ್ಲ ತೆಗೀರಿ. ಬಿಲ್ಲು, ಪಾಯಿಂಟ್ಸು, ಹುಟ್ಟುಹಬ್ಬದ ಆಫರ್ ಕಳ್ಸಿರೋ ಅಂಗಡಿಗಳ ಹೆಸರು ಒಂದು ಹಾಳೇಲಿ ಬರ್ಕೊಳ್ಳಿ. ಯಾವ ಅಂಗಡಿ ಅಂತ ಗೊತ್ತಾಗದೇ ಬರೀ ಅಕ್ಷರಗಳ ಕೋಡ್ ಇದ್ರೆ, ಆ ಕೋಡ್ (ಅದಕ್ಕೆ ಹೆಡರ್ ಅಂತಾರೆ) ಯಾವ ಕಂಪನಿದು ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ವೆಬ್‌ಸೈಟಲ್ಲಿ ಹುಡುಕಬಹುದು. ಕೋಡ್ ಕೊನೇಲಿ ಈಗ ಒಂದು ಅಕ್ಷರ ಬರುತ್ತೆ ನೋಡಿ, ಪಿ ಇದ್ರೆ ಪ್ರಚಾರದ ಮೆಸೇಜು, ಎಸ್ ಇದ್ರೆ ಸರ್ವೀಸು, ಟಿ ಇದ್ರೆ ವ್ಯವಹಾರದ್ದು.

ಎಲ್ಲ ಅಂಗಡಿಗೂ ಒಂದೇ ದಿನ ಬರೀಬೇಡಿ, ಯಾರು ಏನ್ ಉತ್ತರ ಕೊಟ್ರು ಅಂತ ಲೆಕ್ಕ ಇಡೋದೇ ಕಷ್ಟ ಆಗುತ್ತೆ. ಅತಿ ಹೆಚ್ಚು ಹೋಗೋ ಎರಡು ಅಂಗಡಿ ಆರಿಸ್ಕೊಳ್ಳಿ, ಅದರಲ್ಲಿ ಔಷಧಿ ಅಂಗಡಿ ಇದ್ರೆ ಅದು ಮೊದ್ಲು. ಮಾತ್ರೆ ಪಟ್ಟಿ ನೋಡಿದ್ರೆ ಮನೆಯವ್ರ ಕಾಯಿಲೆ ಎಲ್ಲ ಗೊತ್ತಾಗುತ್ತೆ, ಅದಕ್ಕಿಂತ ಖಾಸಗಿ ಇನ್ನೇನಿದೆ ಹೇಳಿ.

ಆನ್‌ಲೈನ್ ಅಂಗಡಿ ಆದ್ರೆ ಮೊದ್ಲು ಅಕೌಂಟ್ ಒಳಗೇ ನೋಡಿ. ಅಮೆಜಾನಲ್ಲಿ ರಿಕ್ವೆಸ್ಟ್ ಯುವರ್ ಡೇಟಾ ಅಂತ ಸಹಾಯದ ಪುಟದಲ್ಲಿ ಹುಡುಕಿದ್ರೆ ಸಿಗುತ್ತೆ, ಏನೇನ್ ಬೇಕು ಅಂತ ಆರಿಸಿ, ಮೇಲಿಗೆ ಬರೋ ಲಿಂಕ್ ಒತ್ತಿ ಖಚಿತ ಮಾಡ್ಬೇಕು, ಆಮೇಲೆ ಫೈಲುಗಳು ಡೌನ್‌ಲೋಡಿಗೆ ಬರುತ್ವೆ. ಖಚಿತ ಮಾಡೋ ಲಿಂಕ್ ಒತ್ತೋದು ಮರೆತು ಕಾಯ್ತಾ ಕೂರಬೇಡಿ.

ಇಂಥ ವ್ಯವಸ್ಥೆ ಇಲ್ದೇ ಇರೋ ಕಡೆ ವೆಬ್‌ಸೈಟಿನ ತಳಕ್ಕೆ ಹೋಗಿ ಪ್ರೈವೆಸಿ ಪಾಲಿಸಿ ತೆಗೀರಿ. ಪೂರ್ತಿ ಓದೋಕೆ ತಾಳ್ಮೆ ಇಲ್ಲ ಅಂದ್ರೆ ನೇರ ಕೊನೆಗೆ ಹೋಗಿ, ಗ್ರೀವೆನ್ಸ್ ಆಫೀಸರ್ ಹೆಸರು, ಮೇಲ್ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಆನ್‌ಲೈನ್ ಮಾರೋರಿಗೆ 2020ರ ಇ-ಕಾಮರ್ಸ್ ನಿಯಮಗಳಲ್ಲಿ ಇನ್ನೂ ಬಿಗಿ ಇದೆ, ಈ ಆಫೀಸರ್ ಹೆಸರು ಹುದ್ದೆ ಸಂಪರ್ಕದ ವಿವರ ಹಾಕಿರ್ಬೇಕು, ದೂರು ಬಂದ 48 ಗಂಟೆಯೊಳಗೆ ಬಂತು ಅಂತ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ಕಸ್ಟಮರ್ ಕೇರ್ ಮೇಲಿಗೆ ಕಾಪಿ ಹಾಕಿ ಪರ್ವಾಗಿಲ್ಲ, ಆದ್ರೆ ಮುಖ್ಯವಾಗಿ ಹೋಗ್ಬೇಕಾದ್ದು ಗ್ರೀವೆನ್ಸ್ ಆಫೀಸರಿಗೆ. ನಾವು ಮೊದಲನೇ ಸಲ ಎಡವಿದ್ದು ಇಲ್ಲೇ.

ಮೇಲ್ ಹೀಗೆ ಬರೀರಿ

ಅಮ್ಮನ ಮೇಲಲ್ಲಿ ಇದ್ದಿದ್ದನ್ನ ಸ್ವಲ್ಪ ಸರಿಮಾಡಿ ಕೊಡ್ತಿದೀನಿ, ಹಂಗೇ ಕಾಪಿ ಮಾಡ್ಕೊಳ್ಳಿ:

"ವಿಷಯ: ನನ್ನ ವೈಯಕ್ತಿಕ ಮಾಹಿತಿ ಕೋರಿ.

ಗ್ರೀವೆನ್ಸ್ ಆಫೀಸರ್ ಅವರಿಗೆ, ನಾನು ನಿಮ್ಮ ಇಂಥ ಊರಿನ ಇಂಥ ಮಳಿಗೆಯ ಗ್ರಾಹಕಿ. ಕೆಳಗಿನ ಮೊಬೈಲ್ ನಂಬರ್ ಮತ್ತು ಈ ಈಮೇಲ್ ವಿಳಾಸಕ್ಕೆ ಜೋಡಿಸಿ ನೀವು ಇಟ್ಟುಕೊಂಡಿರುವ ನನ್ನ ಎಲ್ಲ ವೈಯಕ್ತಿಕ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತೆರೆದು ಓದಲು ಆಗುವ ಫೈಲಿನಲ್ಲಿ ಕಳುಹಿಸಿ. ಬಿಲ್ಲುಗಳು ಸಾಮಾನುವಾರು, ಲಾಯಲ್ಟಿ ಪಾಯಿಂಟ್ಸ್, ವಾಪಸ್ ಮಾಡಿದ ಸಾಮಾನು, ನೋಂದಣಿಯಲ್ಲಿ ಕೊಟ್ಟ ವಿವರ, ಆಪ್ ಮತ್ತು ವೆಬ್‌ಸೈಟ್ ಬಳಕೆ, ಕರೆ ರೆಕಾರ್ಡಿಂಗ್, ನನ್ನನ್ನು ಯಾವ ಗ್ರಾಹಕ ಗುಂಪಿಗೆ ಸೇರಿಸಿದ್ದೀರಿ ಎಂಬುದು ಇದರಲ್ಲಿ ಸೇರಿರಲಿ. ಈ ಮಾಹಿತಿಯನ್ನು ಯಾವ ಕೆಲಸಕ್ಕೆ ಬಳಸುತ್ತಿದ್ದೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ಯಾವ ಯಾವ ಸಂಸ್ಥೆಗೆ ಏನನ್ನು ಕೊಟ್ಟಿದ್ದೀರಿ ಎಂಬುದನ್ನು ಹೆಸರು ಸಮೇತ ತಿಳಿಸಿ. 2011ರ ಐಟಿ ನಿಯಮಗಳ 5ನೇ ನಿಯಮದಂತೆ ಮತ್ತು ನಿಮ್ಮದೇ ಪ್ರೈವೆಸಿ ಪಾಲಿಸಿಯಂತೆ ಈ ಕೋರಿಕೆ. ಗುರುತು ಖಚಿತಪಡಿಸಿಕೊಳ್ಳಲು ಇದೇ ನಂಬರಿಗೆ ಓಟಿಪಿ ಕಳುಹಿಸಬಹುದು. ಒಂದು ತಿಂಗಳೊಳಗೆ ಉತ್ತರ ಕೊಡಿ."

ಕೆಳಗೆ ಹೆಸರು, ನಂಬರು, ಇತ್ತೀಚಿನ ಒಂದು ಬಿಲ್ಲಿನ ನಂಬರು ತಾರೀಖು. 2027ರ ಮೇ ಆದ್ಮೇಲೆ ಐಟಿ ನಿಯಮದ ಜಾಗದಲ್ಲಿ ಹೊಸ ಕಾಯ್ದೆಯ 11ನೇ ಸೆಕ್ಷನ್ ಅಂತ ಬರೀರಿ. ಹೆಡ್ಡಾಫೀಸು ಮುಂಬೈಲೋ ಡೆಲ್ಲೀಲೋ ಇದ್ರೆ ಕನ್ನಡದ ಕೆಳಗೆ ಇದನ್ನೇ ಇಂಗ್ಲಿಷಲ್ಲೂ ಹಾಕಿ, ಬೇಗ ಕೆಲಸ ಆಗುತ್ತೆ. ಹೊಸ ಕಾಯ್ದೆ ಪ್ರಕಾರ ಒಪ್ಪಿಗೆ ಕೇಳೋ ನೋಟಿಸ್ ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದ್ರೂ ಓದೋ ಆಯ್ಕೆ ನಮಗಿರ್ಬೇಕು, ಕನ್ನಡವೂ ಅದರಲ್ಲಿದೆ, ಜಾರಿಗೆ ಬಂದ ಮೇಲೆ ಕನ್ನಡದಲ್ಲೇ ತೋರ್ಸಿ ಅಂತ ಕೇಳೋದು ಬಿಡಬೇಡಿ.

"ಸಾಮಾನುವಾರು" ಅನ್ನೋ ಪದ ಮಾತ್ರ ತೆಗೀಬೇಡಿ. ಅದಿಲ್ದಿದ್ರೆ ಬಿಲ್ಲಿನ ಒಟ್ಟು ಮೊತ್ತ ಮಾತ್ರ ಕಳ್ಸಿ ಸುಮ್ನಾಗ್ಬಹುದು.

ಅಪ್ಪ ಅಮ್ಮಂಗೋಸ್ಕರ ಮಾಡೋರು ಗಮನಿಸಿ, ಅವ್ರ ಹೆಸರಲ್ಲಿ ನಿಮ್ಮ ಮೇಲಿಂದ ಕಳ್ಸಬೇಡಿ. ಪಕ್ಕದಲ್ಲಿ ಕೂತು ಅವ್ರದ್ದೇ ಮೇಲಿಂದ, ಅವ್ರನ್ನ ಕೇಳಿಯೇ ಕಳ್ಸಿ. ಬೇರೆಯವ್ರ ಸೋಗಲ್ಲಿ ಮಾಹಿತಿ ಕೊಡೋದು ಹೊಸ ಕಾಯ್ದೆಲಿ ತಪ್ಪು, 10,000 ರೂಪಾಯಿವರೆಗೂ ದಂಡ ಇದೆ. ಗಂಡ ಹೆಂಡತಿ ಮಧ್ಯೆ ಕೂಡ ಅಷ್ಟೇ.

ಆಧಾರ್ ಕಳ್ಸಿ ಅಂದ್ರೆ

ಕೇಳೇ ಕೇಳ್ತಾರೆ. ಗ್ರೀವೆನ್ಸ್ ಆಫೀಸರಿಂದ ನಮಗೂ ಮೊದ್ಲು ಬಂದಿದ್ದು ಇದೇ, "ಆಧಾರ್ ಎರಡೂ ಬದಿ ಸ್ಕ್ಯಾನ್ ಮಾಡಿ ಕಳ್ಸಿ." ಯೋಚ್ನೆ ಮಾಡಿ, ಆ ಅಂಗಡಿಯವ್ರು ಅಮ್ಮನ್ನ ಗುರುತಿಸ್ತಿದ್ದಿದ್ದು ನಂಬರಿಂದ, ಅವ್ರ ಹತ್ರ ಆಧಾರ್ ಇರ್ಲಿಲ್ಲ. ಇದ್ದ ಡೇಟಾ ಕೇಳೋಕೆ ಹೋಗಿ ಇಲ್ಲದ ಡೇಟಾ ಹೊಸದಾಗಿ ಕೊಟ್ಟು ಬರೋದು ಯಾವ ನ್ಯಾಯ? "ನೀವು ನನ್ನನ್ನ ಗುರುತಿಸೋದು ಮೊಬೈಲ್ ನಂಬರಿಂದ, ಆ ನಂಬರ್ ನನ್ನದು ಅಂತ ಓಟಿಪಿಯಿಂದ ಗೊತ್ತಾಗುತ್ತೆ, ಅದಕ್ಕಿಂತ ಹೆಚ್ಚು ಯಾಕೆ ಬೇಕು ತಿಳಿಸಿ" ಅಂತ ಅಮ್ಮನ ಕೈಲಿ ಬರೆಸ್ದೆ, ಎರಡು ದಿನದಲ್ಲಿ ಓಟಿಪಿಗೆ ಒಪ್ಕೊಂಡ್ರು. ತೀರಾ ಬಿಡಲ್ಲ ಅಂದ್ರೆ ಮೊದಲ 8 ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್, ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ಸೈಟಲ್ಲಿ ಸಿಗುತ್ತೆ, ಅದರ ಮೇಲೆ ಯಾವ ಕಂಪನಿಗೆ ಯಾವ ಕೆಲಸಕ್ಕೆ ಅಂತ ಅಡ್ಡಡ್ಡ ಬರ್ದು ಕಳ್ಸಿ. ಓಟಿಪಿನ ಮಾತ್ರ ನೀವೇ ಬರೆದ ಮೇಲಿಗೆ ಸಂಬಂಧಪಟ್ಟು ಬಂದಾಗ, ಮೆಸೇಜಲ್ಲಿ ಏನಕ್ಕೆ ಅಂತ ಓದಿ ಆಮೇಲೆ ಕೊಡಿ. "ನಿಮ್ಮ ಡೇಟಾ ಕೊಡ್ತೀವಿ" ಅಂತ ಅವರಾಗವರೇ ಫೋನ್ ಮಾಡಿದ್ರೆ ಕಟ್ ಮಾಡಿ.

ಉತ್ತರ ಬರ್ಲಿಲ್ಲ ಅಂದ್ರೆ

ಹತ್ತು ದಿನಕ್ಕೆ ಒಂದು ರಿಮೈಂಡರ್, ಅದೇ ಮೇಲಿಗೆ ರಿಪ್ಲೈ ಮಾಡಿ, ಹೊಸ ಮೇಲ್ ಶುರು ಮಾಡ್ಬೇಡಿ, ತಾರೀಖುಗಳೆಲ್ಲ ಒಂದೇ ಕಡೆ ಇರ್ಲಿ. ತಿಂಗಳು ದಾಟಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, 17 ಭಾಷೆಲಿ ಮಾತಾಡಬಹುದು, ಕನ್ನಡ ಇದೆ. ಅವ್ರು ಕಂಪನಿಗೆ ದೂರು ದಾಟಿಸ್ತಾರೆ. ಅವರಿಗೆ ಹೇಳುವಾಗ "ಡೇಟಾ ಪ್ರೈವೆಸಿ" ಅಂತ ದೊಡ್ಡ ಮಾತು ಬೇಡ, ಇಂಥ ದಿನ ಗ್ರೀವೆನ್ಸ್ ಆಫೀಸರಿಗೆ ಬರೆದೆ, ಇಷ್ಟು ದಿನ ಆಯ್ತು, ಉತ್ತರ ಇಲ್ಲ, ಇಷ್ಟೇ ಹೇಳಿ.

ಹೊಸ ಕಾಯ್ದೆ ಪೂರ್ತಿ ಜಾರಿ ಆದ್ಮೇಲೆ ಕಂಪನಿಗಳು ದೂರಿಗೆ ಹೆಚ್ಚೆಂದ್ರೆ 90 ದಿನದಲ್ಲಿ ಉತ್ತರ ಕೊಡಬೇಕು, ಅದಾದ್ಮೇಲೂ ಆಗ್ಲಿಲ್ಲ ಅಂದ್ರೆ ಈ ಕಾಯ್ದೆಯಡಿ ದೂರು ವಿಚಾರಿಸೋ ಡೇಟಾ ಸಂರಕ್ಷಣಾ ಮಂಡಳಿಗೆ ಆನ್‌ಲೈನಲ್ಲೇ ದೂರು. ನೇರ ಮಂಡಳಿಗೆ ಹೋಗೋಕಾಗಲ್ಲ, ಮೊದ್ಲು ಕಂಪನಿ ಹತ್ರ ಕೇಳಿರ್ಬೇಕು, ಅದಕ್ಕೇ ಆ ಮೇಲ್‌ಗಳನ್ನ ಡಿಲೀಟ್ ಮಾಡ್ಬೇಡಿ ಅನ್ನೋದು.

ಶೀಟ್ ಕೈಗೆ ಬಂದ ಮೇಲೆ ನಿಧಾನಕ್ಕೆ ಓದಿ

ಎಷ್ಟೋ ಜನ ಇಲ್ಲಿವರೆಗೂ ಬಂದು ಫೈಲ್ ತೆರೆದು ನೋಡಿ "ಓ ಇಷ್ಟಾ" ಅಂತ ಮುಚ್ಚಿಬಿಡ್ತಾರೆ. ಒಂದು ಸಂಜೆ ಕೂತು ಓದಿ, ದಯವಿಟ್ಟು. ಮೊದ್ಲು ನಿಮ್ಮದಲ್ಲದ ಸಾಲು ಇದ್ಯಾ ನೋಡಿ. ಅಮ್ಮನ ಶೀಟಲ್ಲಿದ್ದ ಹುಬ್ಬಳ್ಳಿಯ ಮೂರು ಸಾಲಲ್ಲಿ ಮಕ್ಕಳ ಶಾಲೆ ಶೂ, ಸಾಕ್ಸು, ಒಂದು ಟಿಫಿನ್ ಡಬ್ಬಿ ಇತ್ತು. ಅಲ್ಲಿ ಯಾರೋ ನಂಬರ್ ಹೇಳುವಾಗ ಒಂದು ಅಂಕಿ ಆಚೀಚೆ ಆಗಿತ್ತು ಅಂತ ಆಮೇಲೆ ಕಂಪನಿಯವ್ರು ತಿಳ್ಸಿದ್ರು. ಹುಟ್ಟಿದ ದಿನವೂ ತಪ್ಪಿತ್ತು, ಜನವರಿ 1 ಅಂತ ಹಾಕಿದ್ರು. ಶೂ ಬಿಲ್ಲು ಬಂದಿದ್ದಕ್ಕೇನು ನಷ್ಟ ಅಂತ ಅನ್ನಿಸಬಹುದು, ಆದ್ರೆ ಅದೇ ತಪ್ಪು ಔಷಧಿ ಅಂಗಡೀಲಿ ಆದ್ರೆ ಬೇರೆ ಯಾರದ್ದೋ ಮಾತ್ರೆ ನಿಮ್ಮ ಲೆಕ್ಕಕ್ಕೆ, ನಿಮ್ಮದು ಅವ್ರ ಲೆಕ್ಕಕ್ಕೆ. ಅದಕ್ಕೇ ತಿದ್ದಿಸ್ಬೇಕು, ಸಾಲಿನ ತಾರೀಖು ಬಿಲ್ ನಂಬರ್ ಕೊಟ್ಟು ಅದೇ ಮೇಲಿಗೆ ಬರೀರಿ.

ಆಮೇಲೆ ಯಾರ್ಯಾರಿಗೆ ಕೊಟ್ಟಿದಾರೆ ಅನ್ನೋ ಪಟ್ಟಿ. ಎಸ್ಸೆಮ್ಮೆಸ್ ಕಳ್ಸೋ ಕಂಪನಿ, ಕೊರಿಯರ್, ಪೇಮೆಂಟ್ ಗೇಟ್‌ವೇ ಇರೋದು ಸಹಜ, ಅದಿಲ್ದೆ ಕೆಲಸ ನಡೆಯಲ್ಲ. ಜಾಹೀರಾತು ಕಂಪನಿ, ಸಾಲ ಕೊಡೋ ಆಪ್, ವಿಮೆ ಕಂಪನಿ ಹೆಸರು ಇದ್ರೆ ಅಲ್ಲಿ ನಿಲ್ಲಿ, ನಾನು ಇದಕ್ಕೆ ಯಾವಾಗ ಒಪ್ಪಿಗೆ ಕೊಟ್ಟೆ ತೋರ್ಸಿ ಅಂತ ಕೇಳಿ. ಹೊಸ ಕಾಯ್ದೆಯ 7ನೇ ಸೆಕ್ಷನ್ನಲ್ಲಿ ಒಂದು ಉದಾಹರಣೆನೇ ಕೊಟ್ಟಿದಾರೆ, ಔಷಧಿ ಅಂಗಡೀಲಿ ಒಬ್ರು ರಸೀದಿ ಮೆಸೇಜ್ ಮಾಡಿ ಅಂತ ನಂಬರ್ ಕೊಟ್ರೆ ಅಂಗಡಿಯವ್ರು ರಸೀದಿ ಕಳ್ಸೋಕೆ ಅದನ್ನ ಬಳಸಬಹುದು ಅಂತ. ರಸೀದಿಗೆ ಅಂತ ತಗೊಂಡ ನಂಬರನ್ನ ಆಫರಿಗೆ ಬಳಸಿದ್ರೆ ಈ ಉದಾಹರಣೆಯನ್ನೇ ಎತ್ತಿ ತೋರ್ಸಿ.

ಅಳಿಸಿ ಅಂತ ಕೇಳುವಾಗ "ಎಲ್ಲಾ ಅಳಿಸಿ" ಅಂದ್ರೆ ಆಗಲ್ಲ ಅನ್ನೋ ಉತ್ತರ ಬರುತ್ತೆ, ಅದರಲ್ಲಿ ಅರ್ಧ ನಿಜ. ಜಿಎಸ್‌ಟಿ ಕಾನೂನಲ್ಲಿ ಲೆಕ್ಕಪತ್ರನ ವಾರ್ಷಿಕ ರಿಟರ್ನ್ ಕೊಡೋ ಕೊನೇ ದಿನದಿಂದ 72 ತಿಂಗಳು ಇಟ್ಕೊಳ್ಳೇಬೇಕು. ಶೆಡ್ಯೂಲ್ ಎಚ್1 ಅನ್ನೋ ಸರ್ಕಾರದ ಔಷಧಿ ಪಟ್ಟೀಲಿ ಬರೋ ಔಷಧಿ ತಗೊಂಡಿದ್ರೆ ರೋಗಿ ಹೆಸರು, ಬರೆದುಕೊಟ್ಟ ಡಾಕ್ಟರ್ ವಿವರ ಇರೋ ರಿಜಿಸ್ಟರನ್ನ 3 ವರ್ಷ ಇಡಬೇಕು. ಇವನ್ನ ಅಂಗಡಿಯವ್ರು ಅಳಿಸೋಕಾಗಲ್ಲ, ಅವ್ರ ತಪ್ಪಲ್ಲ. ಆದ್ರೆ ಲಾಯಲ್ಟಿ ಪ್ರೊಫೈಲು, ಹುಟ್ಟಿದ ದಿನ, ಆಫರ್ ಮೆಸೇಜಿನ ಒಪ್ಪಿಗೆ, ಆಪ್ ಹಿಸ್ಟರಿ ಇವಕ್ಕೂ ಜಿಎಸ್‌ಟಿಗೂ ಸಂಬಂಧ ಇಲ್ಲ. ಹಂಗಾಗಿ "ಕಾನೂನು ಪ್ರಕಾರ ಇಡಲೇಬೇಕಾದ್ದನ್ನ ಬಿಟ್ಟು ಮಿಕ್ಕಿದ್ದು ಅಳಿಸಿ, ಯಾವುದನ್ನ ಯಾವ ಕಾನೂನಿನಡಿ ಇಟ್ಕೊಂಡ್ರಿ ತಿಳಿಸಿ" ಅಂತ ಬರೀರಿ. ಪಾಯಿಂಟ್ಸ್ ಇದ್ರೆ ಮೊದ್ಲು ಖರ್ಚು ಮಾಡಿ, ಪ್ರೊಫೈಲ್ ಜೊತೆ ಅದೂ ಹೋಗಬಹುದು.

ಅದಾದ್ಮೇಲೂ ಪ್ರಚಾರದ ಮೆಸೇಜ್ ಬಂದ್ರೆ 1909ಕ್ಕೆ ದೂರು ಕೊಡಿ, ಮೆಸೇಜ್ ಬಂದ 7 ದಿನದೊಳಗೆ ಕೊಡ್ಬೇಕು.

ಹೊರದೇಶದಲ್ಲಿರೋ ನಮ್ಮವ್ರಿಗೆ ಇದು ಇನ್ನೂ ಸುಲಭ. ಬ್ರಿಟನ್ನಲ್ಲಿ, ಯುರೋಪಲ್ಲಿ 2018ರಿಂದ ಜಿಡಿಪಿಆರ್ ಅನ್ನೋ ಡೇಟಾ ಕಾನೂನಿನ ಹಕ್ಕು ಇದೆ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಪುಕ್ಕಟೆ ಕೊಡ್ಬೇಕು, ಬ್ರಿಟನ್ನಲ್ಲಂತೂ ಬಾಯಿಮಾತಲ್ಲಿ ಕೇಳಿದ್ರೂ ಕೋರಿಕೆನೇ. ಬ್ರಿಟನ್ನಿನ ಸೂಪರ್ ಮಾರ್ಕೆಟ್ ಟೆಸ್ಕೊದ ಪಾಯಿಂಟ್ಸ್ ಕಾರ್ಡು ಕ್ಲಬ್‌ಕಾರ್ಡ್ ಶುರುವಾಗಿದ್ದು 1995ರಲ್ಲಿ, ಅಂಥ ಕಾರ್ಡನ್ನ ಬಹಳ ವರ್ಷದಿಂದ ಇಟ್ಕೊಂಡಿರೋರು ಒಂದ್ಸಲ ಕೇಳಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿರೋರಿಗೆ 2020ರಿಂದ ಇದೆ, 45 ದಿನ, ಬೇಕಂದ್ರೆ ಕಂಪನಿ ಇನ್ನೂ 45 ದಿನ ಕೇಳಬಹುದು.

ಮೊಬೈಲ್ ನಂಬರ್ ಬದಲಾಯಿಸೋ ಯೋಚನೆ ಇದ್ರೆ ಈ ಕೆಲಸನೆಲ್ಲ ಅದಕ್ಕೆ ಮುಂಚೆನೇ ಮುಗಿಸಿ. ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವ್ರಿಗೆ ಹೋಗಬಹುದು, ಅವ್ರು ಅದೇ ಅಂಗಡಿ ಕೌಂಟರಲ್ಲಿ ನಂಬರ್ ಹೇಳಿದ್ರೆ ಸ್ಕ್ರೀನ್ ಮೇಲೆ ನಿಮ್ಮ ಹೆಸರು ಬರುತ್ತೆ, ನಿಮಗೆ ಡೇಟಾ ಕೇಳೋಕೆ ಓಟಿಪಿ ಬರಲ್ಲ. ಹಳೇ ಸಿಮ್ ಕೈಯಲ್ಲಿರುವಾಗ್ಲೇ ಶೀಟ್ ತರಿಸ್ಕೊಂಡು, ಪ್ರೊಫೈಲ್ ಅಳಿಸಿದೀವಿ ಅನ್ನೋ ಉತ್ತರ ಮೇಲಲ್ಲಿ ಬಂದ ಮೇಲೆ ಸಿಮ್ ಬಂದ್ ಮಾಡ್ಸಿ.